ಗುಳೆಯ ನಾಡಿನಲ್ಲಿ ಮೊದಲ ಪರಮಪ್ರಸಾದ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕುಗಳ ಹೆಸರು ಹೇಳಿದರೆ ನಿಮಗೆ ಏನೇನು ನೆನಪಾಗುತ್ತದೆ? ಕೊಟ್ಟೂರೇಶ್ವರನ ತೇರು. ಮೈಲಾರದ ಕಾರಣಿಕ. ಉಚ್ಚಂಗಿದುರ್ಗ. ಹಡಗಲಿಯ ಮಲ್ಲಿಗೆ. ಮಳೆ ನಂಬಿದ ಹೊಲ, ಶೇಂಗಾ, ಜೋಳ. ಜೊತೆಗೆ ಗುಳೆ. ಈ ಸೀಮೆಯಲ್ಲಿ ಕಥೋಲಿಕ ಕ್ರೈಸ್ತರೂ ಇದ್ದಾರೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಸಂಖ್ಯೆ ಕಡಿಮೆ. 2011ರ ಜನಗಣತಿಯಂತೆ ಇಡೀ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಸುಮಾರು ಇಬ್ಬರು. ನಮ್ಮ ಕಡೆ ನೂರಕ್ಕೆ ಒಬ್ಬರೂ ಇಲ್ಲ. ಒಂದೂರಲ್ಲಿ ನಾಲ್ಕು ಮನೆ, ಇನ್ನೊಂದೂರಲ್ಲಿ ಎರಡು ಮನೆ. ಹೀಗೆ ಚದುರಿಕೊಂಡಿದ್ದಾರೆ.

ಆ ಮನೆಗಳ ಮಕ್ಕಳನ್ನು ಸಂಸ್ಕಾರಗಳಿಗೆ ಸಿದ್ಧಮಾಡುವುದು ಹೇಗೆ? ಇಂದು ನಾನು ಆಡಬೇಕಾದ ಮಾತು ಇದೇ. ಭಾನುವಾರ ಪೂಜೆ ಮುಗಿದ ಮೇಲೆ ಜ್ಞಾನೋಪದೇಶದ ಮಕ್ಕಳ ಎದುರು ಕೂರುವವರಲ್ಲಿ ನಾನೂ ಒಬ್ಬಳು. ಹಾಗಾಗಿ ಪುಸ್ತಕದ ಮಾತಿಗಿಂತ ತರಗತಿಯ ಮಾತೇ ಹೆಚ್ಚು ಬಂದೀತು.

ಬೇರೆ ಧರ್ಮದ ಕೇಳುಗರಿಗಾಗಿ ನಾಲ್ಕು ಮಾತು ಮೊದಲೇ ಹೇಳಿಬಿಡುತ್ತೇನೆ. ಕಥೋಲಿಕರಲ್ಲಿ ಸಂಸ್ಕಾರಗಳು ಏಳು. ಮಕ್ಕಳಿಗೆ ಸಂಬಂಧಿಸಿದವು ಮುಖ್ಯವಾಗಿ ನಾಲ್ಕು. ಮಗು ಹುಟ್ಟಿದ ಕೆಲವೇ ವಾರಗಳಲ್ಲಿ ಜ್ಞಾನಸ್ನಾನ. ಮಗುವಿಗೆ ಬುದ್ಧಿ ತಿಳಿದ ಮೇಲೆ ಮೊದಲ ಪಾಪನಿವೇದನೆ. ಅದರ ಬೆನ್ನಿಗೇ ಮೊದಲ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದು. ಹದಿಹರೆಯದ ಹೊತ್ತಿಗೆ ದೃಢೀಕರಣ. ಜ್ಞಾನಸ್ನಾನದ ದಿನ ಕೂಸಿನ ಪರವಾಗಿ ಅಪ್ಪ, ಅವ್ವ, ಜ್ಞಾನತಂದೆ, ಜ್ಞಾನತಾಯಿ ಮಾತು ಕೊಡುತ್ತಾರೆ. ಆ ಮಾತನ್ನು ಮಗು ಬೆಳೆದು ತನ್ನದೇ ಬಾಯಲ್ಲಿ ಹೇಳುವಂತೆ ಮಾಡಬೇಕು. ನಾವು ಸಿದ್ಧತೆ ಎನ್ನುವುದು ಇದನ್ನೇ.

ಎಷ್ಟು ವಯಸ್ಸಿಗೆ? ಒಂದು ಕಾಲಕ್ಕೆ ಮೊದಲ ಪರಮಪ್ರಸಾದಕ್ಕೆ ಮಕ್ಕಳು ಹತ್ತು, ಹನ್ನೆರಡು, ಕೆಲವೆಡೆ ಹದಿನಾಲ್ಕು ವರ್ಷದವರೆಗೂ ಕಾಯಬೇಕಿತ್ತು. 1910ರಲ್ಲಿ ಪೋಪ್ ಹತ್ತನೆಯ ಪಿಯುಸ್ ಅದನ್ನು ಬದಲಿಸಿದರು. ಸುಮಾರು ಏಳು ವರ್ಷದ ಮಗು, ಇದು ಬರೀ ರೊಟ್ಟಿಯಲ್ಲ, ಯೇಸುಸ್ವಾಮಿಯ ಶರೀರ ಎಂದು ತನ್ನ ಅಳತೆಗೆ ಅರಿತರೆ ಸಾಕು ಎಂದರು. ಪೂರ್ತಿ ಧರ್ಮಶಾಸ್ತ್ರ ತಿಳಿದಿರಬೇಕೆಂದು ಅವರು ಕೇಳಲಿಲ್ಲ. ನಮ್ಮ ನೆರೆಯ ಕೇರಳದ ಸಿರಿಯನ್ ಸಂಪ್ರದಾಯದಲ್ಲಂತೂ ದೃಢೀಕರಣವನ್ನು ಜ್ಞಾನಸ್ನಾನದ ಜೊತೆಗೇ ಕೂಸಿಗೆ ಕೊಡುವ ಪದ್ಧತಿಯಿದೆ. ಅಂದರೆ ವಯಸ್ಸು ಕಲ್ಲಿನಲ್ಲಿ ಕೊರೆದ ಗೆರೆಯಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದು ಬೇಕಾಗುತ್ತದೆ.

ಸಂಸ್ಕಾರಗಳು ಯಾವುವು, ಯಾವ ವಯಸ್ಸಿಗೆ ಎಂಬುದಾಯಿತು. ಇನ್ನು ನಮ್ಮ ಸೀಮೆಯ ಕಷ್ಟಕ್ಕೆ ಬರೋಣ.

ನಮ್ಮದು ಗುಳೆಯ ನಾಡು. ದೀಪಾವಳಿ ಕಳೆಯುವುದೇ ತಡ, ಮೇಸ್ತ್ರಿ ಕೊಟ್ಟ ಮುಂಗಡ ತೀರಿಸಲು ಜನ ಲಾರಿ ಹತ್ತುತ್ತಾರೆ. ಕೆಲವರು ಮಂಡ್ಯದ ಕಡೆ ಕಬ್ಬು ಕಡಿಯಲು. ಕೆಲವರು ಚಿಕ್ಕಮಗಳೂರಿನ ಕಾಫಿ ತೋಟಕ್ಕೆ. ಕೆಲವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ. ತಿರುಗಿ ಬರುವುದು ಯುಗಾದಿಯ ಹೊತ್ತಿಗೆ. ಇನ್ನು ಕೆಲವರು ಮುಂಗಾರಿನ ಹೊತ್ತಿಗೆ. ಹೀಗೆ ಹೋಗುವವರಲ್ಲಿ ನಮ್ಮ ಕಥೋಲಿಕ ಮನೆಗಳೂ ಇವೆ.

ಈಗ ಧರ್ಮಸಭೆಯ ಪಂಚಾಂಗ ನೋಡಿ. ಕ್ರಿಸ್ಮಸ್ ಡಿಸೆಂಬರಿನಲ್ಲಿ. ಅದಕ್ಕೆ ಮುಂಚೆ ನಾಲ್ಕು ವಾರ ಆಗಮನ ಕಾಲ. ಫೆಬ್ರವರಿ, ಮಾರ್ಚಿನಲ್ಲಿ ನಲವತ್ತು ದಿನದ ತಪಸ್ಸುಕಾಲ. ಆಮೇಲೆ ಪಾಸ್ಕ ಹಬ್ಬ, ಅಂದರೆ ಈಸ್ಟರ್. ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವುದಾದರೊಂದು ಭಾನುವಾರ ಬರುತ್ತದೆ. ಮಕ್ಕಳಿಗೆ ಕಲಿಸಲು ಇವಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ಇವೆಲ್ಲ ಬರುವುದು ಗುಳೆಯ ತಿಂಗಳುಗಳಲ್ಲೇ. ಮಗು ಆಗ ಕಬ್ಬಿನ ಗದ್ದೆಯ ಬದುವಿನಲ್ಲಿ ತಮ್ಮನನ್ನು ಎತ್ತಿಕೊಂಡು ಕೂತಿರುತ್ತದೆ.

ಹಾಜರಾತಿ ಇಲ್ಲ, ಪಾಠ ಬಂದಿಲ್ಲ ಎಂದು ಆ ವರ್ಷ ಮಗುವನ್ನು ಬಿಡುತ್ತೇವೆ. ಬರುವ ವರ್ಷ ನೋಡೋಣ ಎನ್ನುತ್ತೇವೆ. ಬರುವ ವರ್ಷವೂ ಗುಳೆ. ಹೀಗೆ ಮಗುವಿಗೆ ಹದಿಮೂರು ತುಂಬುತ್ತದೆ. ಎತ್ತರದ ಹುಡುಗ. ಮೂರನೆಯ ಇಯತ್ತೆಯ ಪುಟಾಣಿಗಳ ಜೊತೆ ಚಾಪೆಯ ಮೇಲೆ ಕೂರಲು ಅವನಿಗೆ ನಾಚಿಕೆ. ಚರ್ಚಿಗೆ ಬರುವುದನ್ನೇ ನಿಲ್ಲಿಸುತ್ತಾನೆ. ಅವನ ಭಕ್ತಿಗೆ ಏನೂ ಆಗಿರಲಿಲ್ಲ. ನಾವು ಹಾಕಿಕೊಂಡ ವೇಳಾಪಟ್ಟಿ ಅವನ ಬದುಕಿಗೆ ಹೊಂದಲಿಲ್ಲ.

ಆದ್ದರಿಂದ ನಾನು ಹೇಳುವುದು ಇಷ್ಟೇ. ನಮ್ಮ ಐದು ತಾಲ್ಲೂಕುಗಳಲ್ಲಿ ಸಂಸ್ಕಾರದ ಸಿದ್ಧತೆ ಗುಳೆಯ ಲೆಕ್ಕ ಹಿಡಿದು ನಡೆಯಬೇಕು. ಜೂನ್‌ನಲ್ಲಿ ಶುರುಮಾಡಿ. ದಸರೆಯೊಳಗೆ ಮುಖ್ಯ ಪಾಠ ಮುಗಿಸಿ. ಉಳಿದದ್ದನ್ನು ಮಕ್ಕಳು ಹೋದ ಊರಿನಲ್ಲಿ ಕಲಿಯಲಿ. ಮೇ ತಿಂಗಳಲ್ಲಿ ಮರಳಿದ ಮೇಲೆ ಕೆಲವು ದಿನ ಒಟ್ಟಿಗೆ ಕೂರಿಸಿ ಸಂಸ್ಕಾರ ಕೊಡಿ. ಮಂಡ್ಯದ ಸೀಮೆ ಮೈಸೂರು ಧರ್ಮಕ್ಷೇತ್ರಕ್ಕೆ, ಅಂದರೆ ಮೈಸೂರಿನ ಬಿಷಪರ ಆಡಳಿತಕ್ಕೆ, ಸೇರಿದ್ದು. ಚಿಕ್ಕಮಗಳೂರಿಗೆ 1963ರಿಂದ ತನ್ನದೇ ಧರ್ಮಕ್ಷೇತ್ರ ಇದೆ. ಎಲ್ಲ ಕಡೆಯೂ ಗುರುಗಳಿದ್ದಾರೆ, ಸಿಸ್ಟರುಗಳಿದ್ದಾರೆ. ಒಂದು ಚೀಟಿ, ಒಂದು ಫೋನು, ಅಷ್ಟು ಸಾಕು.

ಗುಳೆಯಿಂದ ಪಾಠ ತಪ್ಪುವುದನ್ನು ಕೇಳಿದಿರಿ. ಈಗ ಪಾಠದ ಒಳಗೆ ಹೋಗೋಣ. ಏನು ಕಲಿಸುತ್ತೇವೆ?

ಹಿಂದೆ ಪ್ರಶ್ನೋತ್ತರದ ಪುಸ್ತಕವೇ ಎಲ್ಲ. ಪ್ರಶ್ನೆ ಕೇಳಿದರೆ ಉತ್ತರ ಗಡಗಡನೆ ಬರಬೇಕು. ಆ ಪದ್ಧತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕನ್ನಡದಲ್ಲಿ ಧರ್ಮೋಪದೇಶಕ್ಕೆ ದೊಡ್ಡ ಇತಿಹಾಸವಿದೆ. ಇಟಲಿಯಿಂದ ಬಂದ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ 1650ರ ಸುಮಾರಿಗೆ ಶ್ರೀರಂಗಪಟ್ಟಣದಲ್ಲಿದ್ದರು. ಕನ್ನಡ ಕಲಿತರು. ಕನ್ನಡದಲ್ಲೇ ಧರ್ಮೋಪದೇಶ ಬರೆದರು. ಪೂಜೆ ಮಾತ್ರ ಲ್ಯಾಟಿನ್ ಭಾಷೆಯಲ್ಲೇ ಉಳಿಯಿತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರವೇ ನಮ್ಮ ಪೂಜೆ ಕನ್ನಡಕ್ಕೆ ಬಂದದ್ದು. ಅದೇ ಗಾಳಿಯಲ್ಲಿ ಫಾದರ್ ಅಮಲೋರ್ಪವದಾಸ್ ಅವರು 1967ರಲ್ಲಿ ಬೆಂಗಳೂರಿನಲ್ಲಿ ಬೈಬಲ್, ಧರ್ಮೋಪದೇಶ ಮತ್ತು ಆರಾಧನೆಗಾಗಿ ಒಂದು ರಾಷ್ಟ್ರೀಯ ಕೇಂದ್ರ ಕಟ್ಟಿದರು. ಮಗುವಿನ ಬಾಳಿನಿಂದ ಶುರುಮಾಡಿ ದೇವರ ಮಾತಿಗೆ ಬನ್ನಿ ಎಂಬ ದಾರಿಯನ್ನು ಉಪದೇಶಿಗಳಿಗೆ ಆ ಕೇಂದ್ರ ತೋರಿಸಿತು.

ಬಾಯಿಪಾಠ ಬೇಕು. ಪರಲೋಕ ಮಂತ್ರ, ನಮೋ ಮರಿಯಾ, ಪಶ್ಚಾತ್ತಾಪದ ಜಪ, ಇವು ನಾಲಿಗೆಯ ಮೇಲೆ ಇರಲೇಬೇಕು. ಓದು ಬಾರದ ಮನೆಗಳಲ್ಲಿ ನೆನಪೇ ಪುಸ್ತಕ. ಆದರೆ ಬಾಯಿಪಾಠ ಒಪ್ಪಿಸಿದ ಮಗು ಸಿದ್ಧವಾಯಿತು, ಒಪ್ಪಿಸದ ಮಗು ಸಿದ್ಧವಾಗಿಲ್ಲ ಎಂದು ಅಳೆಯುವುದು ಸರಿಯಲ್ಲ.

ಮೊದಲ ಪಾಪನಿವೇದನೆಯ ಪಾಠವನ್ನೇ ತೆಗೆದುಕೊಳ್ಳಿ. ಐದು ಹೆಜ್ಜೆ ಕಲಿಸುತ್ತೇವೆ. ಆತ್ಮಪರಿಶೀಲನೆ, ಪಶ್ಚಾತ್ತಾಪ, ಇನ್ನು ಮಾಡುವುದಿಲ್ಲವೆಂಬ ಸಂಕಲ್ಪ, ಗುರುಗಳ ಮುಂದೆ ನಿವೇದನೆ, ಅವರು ಹೇಳಿದ ಪ್ರಾಯಶ್ಚಿತ್ತ. ಎಂಟು ವರ್ಷದ ಹುಡುಗಿಗೆ ಈ ಐದು ಪದ ಹೇಳಿಕೊಟ್ಟರೆ ಐದೂ ಒಪ್ಪಿಸುತ್ತಾಳೆ. ಅರ್ಥ ಕೇಳಿದರೆ ಸುಮ್ಮನಾಗುತ್ತಾಳೆ. ಅದಕ್ಕೇ ನಾನು ಶೇಂಗಾ ಹೊಲದಿಂದ ಶುರುಮಾಡುತ್ತೇನೆ. ಪಕ್ಕದವರ ಹೊಲದಲ್ಲಿ ಶೇಂಗಾ ಬಳ್ಳಿ ಕಿತ್ತು ತಿಂದಿದ್ದೀರಾ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿ ಎಲ್ಲರೂ ಕೈ ಎತ್ತುತ್ತಾರೆ. ಹೊಲ ಯಾರದು? ಅವರು ಸಾಲ ಮಾಡಿ ಬೀಜ ತಂದಿದ್ದರೋ? ನಿಮ್ಮಪ್ಪನ ಹೊಲದಲ್ಲಿ ಯಾರಾದರೂ ಹೀಗೆ ಕಿತ್ತರೆ? ಇಷ್ಟು ಹೊತ್ತಿಗೆ ಕೋಣೆ ಮೌನವಾಗುತ್ತದೆ. ಹಿಂದಿನ ಸಾಲಿನಿಂದ ಒಂದು ದನಿ ಬರುತ್ತದೆ: “ಹಂಗಾರ ಅವರಿಗೆ ಹೋಗಿ ಹೇಳ್ಬೇಕೇನ್ರೀ ಟೀಚರ್?” ಆ ಮಗುವಿಗೆ ಪಶ್ಚಾತ್ತಾಪ ತಿಳಿಯಿತು. ಇನ್ನು ಹೆಸರು ಕಲಿಸುವುದು ಸುಲಭ.

ಪಾಪನಿವೇದನೆಯ ಬಗ್ಗೆ ಇನ್ನೊಂದು ಮಾತು. ಇದನ್ನು ತಂದೆತಾಯಿಗಳು ಗಮನವಿಟ್ಟು ಕೇಳಬೇಕು. ಅಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ಪ್ರಾಣ ಹೋದರೂ ಹೇಳುವಂತಿಲ್ಲ. ಇದು ಧರ್ಮಸಭೆಯ ಕಟ್ಟಳೆ. ಆದರೆ ಆ ಗುಟ್ಟು ಕಟ್ಟುವುದು ಗುರುಗಳನ್ನು. ಮಗುವನ್ನಲ್ಲ. ಮಗು ತನ್ನ ಮಾತನ್ನು ಅವ್ವನಿಗೆ ಹೇಳಬಹುದು, ಟೀಚರಿಗೆ ಹೇಳಬಹುದು. ಯಾವುದೇ ದೊಡ್ಡವರು ಮಗುವಿಗೆ ‘ಇದನ್ನು ಯಾರಿಗೂ ಹೇಳಬೇಡ’ ಎಂದು ಹೆದರಿಸಿದರೆ ಅದಕ್ಕೂ ಸಂಸ್ಕಾರಕ್ಕೂ ಏನೇನೂ ಸಂಬಂಧವಿಲ್ಲ. ಈ ವ್ಯತ್ಯಾಸವನ್ನು ಮೊದಲ ಪಾಪನಿವೇದನೆಗೆ ಮುಂಚೆಯೇ ಪ್ರತಿ ಮಗುವಿಗೂ ಬಿಡಿಸಿ ಹೇಳಬೇಕು. ಜ್ಞಾನೋಪದೇಶದ ಕೋಣೆಯ ಬಾಗಿಲು ತೆರೆದೇ ಇರಬೇಕು.

ಪಾಪನಿವೇದನೆ ಆಯಿತು. ಇನ್ನು ಪರಮಪ್ರಸಾದ.

ಪೂಜೆಯಲ್ಲಿ ಬಳಸುವುದು ಹುಳಿ ಬೆರೆಸದ ಗೋಧಿ ರೊಟ್ಟಿ. ಕಾಗದದಷ್ಟು ತೆಳುವು. ಬಿಳಿ ಬಣ್ಣ. ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ನಾಲಿಗೆಯ ಮೇಲಿಟ್ಟರೆ ಅಂಟಿಕೊಂಡು ನಿಧಾನವಾಗಿ ಕರಗುತ್ತದೆ. ಅಭ್ಯಾಸಕ್ಕೆಂದು ಇನ್ನೂ ಪವಿತ್ರೀಕರಿಸದ ರೊಟ್ಟಿ ಕೊಟ್ಟು ಹೇಗೆ ಸ್ವೀಕರಿಸಬೇಕೆಂದು ತೋರಿಸುತ್ತೇವೆ. ಎಡ ಅಂಗೈ ಮೇಲೆ, ಬಲಗೈ ಕೆಳಗೆ. ‘ಕ್ರಿಸ್ತರ ಶರೀರ’ ಎಂದು ಗುರುಗಳು ಹೇಳಿದಾಗ ‘ಆಮೆನ್’ ಎನ್ನಬೇಕು. ಮೊದಲ ಸಲ ತಿಂದ ಮಕ್ಕಳು ಸಪ್ಪೆ ಎನ್ನುತ್ತಾರೆ. ಒಮ್ಮೆ ಒಬ್ಬ ಹುಡುಗ ಕೇಳಿದ: “ನಮ್ಮನ್ಯಾಗ ಜ್ವಾಳದ ರೊಟ್ಟಿ ಮಾಡ್ತಾರ್ರೀ. ಇದನ್ನ ಅದ್ರಾಗ ಯಾಕ ಮಾಡಂಗಿಲ್ಲ?” ಎಂಥ ಒಳ್ಳೆಯ ಪ್ರಶ್ನೆ! ಜೋಳ ಉಂಡು ಬೆಳೆದ ಮಗುವೇ ಈ ಪ್ರಶ್ನೆ ಕೇಳಬೇಕು. ಯೆಹೂದ್ಯರ ಪಾಸ್ಕದ ಊಟ, ಹುಳಿಯಿಲ್ಲದ ರೊಟ್ಟಿ, ಕೊನೆಯ ರಾತ್ರಿ ಯೇಸು ಅದನ್ನು ಮುರಿದು ಶಿಷ್ಯರಿಗೆ ಹಂಚಿದ್ದು, ಅಂದಿನಿಂದ ಧರ್ಮಸಭೆ ಗೋಧಿಯನ್ನೇ ಉಳಿಸಿಕೊಂಡದ್ದು, ಎಲ್ಲವನ್ನೂ ಹೇಳಿದೆ. ಆಮೇಲೆ ನಾನೂ ಕೇಳಿದೆ. ನಿಮ್ಮ ಮನೆಯಲ್ಲಿ ರೊಟ್ಟಿ ಕಡಿಮೆ ಬಿದ್ದಾಗ ಯಾರು ತಿನ್ನದೆ ಏಳುತ್ತಾರೆ? ಎಲ್ಲ ಮಕ್ಕಳಿಂದಲೂ ಒಂದೇ ಉತ್ತರ: ಅವ್ವ. ತನ್ನನ್ನೇ ಕೊಡುವುದು ಎಂದರೇನು ಎಂಬ ಪಾಠಕ್ಕೆ ಅದಕ್ಕಿಂತ ಬೇರೆ ಉದಾಹರಣೆ ನನಗೆ ಬೇಕಾಗಲಿಲ್ಲ.

ಉಪವಾಸದ ನಿಯಮ ತಿಳಿದಿರಲಿ. ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದು. ನೀರು, ಔಷಧ ಆಗಬಹುದು. ಹಿಂದೆ ಮಧ್ಯರಾತ್ರಿಯಿಂದಲೇ ಉಪವಾಸವಿತ್ತು. ನಮ್ಮ ಅಜ್ಜ ಅಜ್ಜಿಯರಿಗೆ ಆ ನೆನಪು ಇದೆ. 1964ರಲ್ಲಿ ಅದು ಒಂದು ಗಂಟೆಗೆ ಇಳಿಯಿತು. ಹಳ್ಳಿಯಿಂದ ಬಸ್ಸಿಗೆ ಕಾದು, ಆಟೋ ಹಿಡಿದು ಬರುವ ಮಕ್ಕಳನ್ನು ಬರಿಹೊಟ್ಟೆಯಲ್ಲಿ ಕರೆತಂದು ತಲೆಸುತ್ತು ಬರಿಸಬೇಡಿ. ಬೆಳಗ್ಗೆ ಹೊರಡುವ ಮುಂಚೆ ತಿನ್ನಿಸಿಯೇ ಕರೆತನ್ನಿ.

ಇನ್ನು ಹಬ್ಬದ ಖರ್ಚು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮೊದಲ ಪರಮಪ್ರಸಾದಕ್ಕೆ ಬಿಳಿ ಬಟ್ಟೆ ತೊಡಿಸುತ್ತೇವೆ. ಅದು ಜ್ಞಾನಸ್ನಾನದ ದಿನ ಕೂಸಿಗೆ ಹೊದಿಸಿದ ಬಿಳಿ ವಸ್ತ್ರದ ನೆನಪು. ತೊಳೆದ ಬಿಳಿ ಅಂಗಿ ಸಾಕು. ಈಚೆಗೆ ಪೇಟೆಯನ್ನು ನೋಡಿ ನಮ್ಮಲ್ಲೂ ಪೆಂಡಾಲು, ಫ್ಲೆಕ್ಸು, ಬಿರಿಯಾನಿ, ಫೋಟೋದವರು ಬಂದಿದ್ದಾರೆ. ದುಡ್ಡು ಎಲ್ಲಿಂದ? ಮೇಸ್ತ್ರಿಯ ಮುಂಗಡದಿಂದ. ಮಗುವಿನ ಪರಮಪ್ರಸಾದದ ಹೆಸರಲ್ಲಿ ತಂದ ಸಾಲ ಅದೇ ಮಗುವನ್ನು ಬರುವ ವರ್ಷ ಶಾಲೆ ಬಿಡಿಸಿ ಕಬ್ಬಿನ ಗದ್ದೆಗೆ ಕರೆದೊಯ್ಯುತ್ತದೆ. ಇದು ತಪ್ಪು. ಇದಕ್ಕೆ ಬೇರೆ ಹೆಸರಿಲ್ಲ. ಉಳ್ಳವರೂ ಇಲ್ಲದವರೂ ಒಂದೇ ಬಗೆಯ ಅಂಗಿ ತೊಡಲಿ. ಚರ್ಚಿನ ಅಂಗಳದಲ್ಲಿ ಎಲ್ಲರೂ ಸೇರಿ ಒಂದೇ ಊಟ ಮಾಡಲಿ. ಬಟ್ಟೆಯನ್ನು ಮುಂದಿನ ವರ್ಷದ ಮಕ್ಕಳಿಗೆ ಎತ್ತಿಡಿ.

ಗುಳೆಯ ಲೆಕ್ಕ, ಪಾಠದ ಬಗೆ, ಹಬ್ಬದ ಖರ್ಚು, ಇಷ್ಟು ಹೇಳಿದೆ. ಕಲಿಸುವವರು ಯಾರು ಎಂಬುದು ಉಳಿದಿದೆ.

ಧರ್ಮಸಭೆಯ ಕಾನೂನು ಮೊದಲ ಜವಾಬ್ದಾರಿಯನ್ನು ತಂದೆತಾಯಿಗೆ ಕೊಟ್ಟಿದೆ. ಗುರುಗಳು, ಉಪದೇಶಿಗಳು ಆಮೇಲೆ. ನಮ್ಮಲ್ಲಿ ಅಪ್ಪ ಅವ್ವ ಗುಳೆ ಹೋದರೆ ಎಷ್ಟೋ ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತವೆ. ಹಾಗಾದರೆ ಅಜ್ಜಿಯೇ ಉಪದೇಶಿ. ಈ ಮಾತು ಕೇಳುತ್ತಿರುವ ಅಜ್ಜಿಯರೇ, ನಿಮಗೆ ಅಕ್ಷರ ಬರದಿದ್ದರೂ ಚಿಂತೆಯಿಲ್ಲ. ನೀವು ಸಂಜೆ ದೀಪ ಹಚ್ಚಿ ಜಪಮಾಲೆ ಹಿಡಿದು ಕೂತರೆ ಮೊಮ್ಮಗಳು ಪಕ್ಕದಲ್ಲಿ ಕೂರುತ್ತಾಳೆ. ಐವತ್ತು ನಮೋ ಮರಿಯಾದಲ್ಲಿ ಹತ್ತು ಅವಳು ಹೇಳಲಿ. ಜಗಳವಾಡಿದ ನೆರೆಮನೆಯವರಿಗೆ ಅವಳ ಕೈಯಲ್ಲೇ ಒಂದು ಬಟ್ಟಲು ಸಾರು ಕಳಿಸಿ. ಭಾನುವಾರ ನಮ್ಮ ಅರ್ಧ ಗಂಟೆಯ ಪಾಠಕ್ಕೆ ಬೇರು ಅಲ್ಲಿದೆ. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಉಪದೇಶಿಯ ಸೇವೆಯನ್ನು ಧರ್ಮಸಭೆಯ ಅಧಿಕೃತ ಸೇವೆಯನ್ನಾಗಿ ಸ್ಥಾಪಿಸಿದರು. ಗುರುಗಳಲ್ಲದ ಸಾಮಾನ್ಯ ಗಂಡಸರೂ ಹೆಂಗಸರೂ ಅದಕ್ಕೆ ಅರ್ಹರು. ನಮ್ಮ ಹಳ್ಳಿಗಳಿಂದ ಓದಿದ ಹೆಣ್ಣುಮಕ್ಕಳು ಈ ಕೆಲಸಕ್ಕೆ ಮುಂದೆ ಬರಬೇಕೆಂದು ನನ್ನ ಆಸೆ.

ಚಿಕ್ಕ ಮಕ್ಕಳ ಮಾತು ಇಷ್ಟು ಸಾಕು. ಹದಿಹರೆಯದವರಿಗೆ ಬರೋಣ. ಅವರ ಸಂಸ್ಕಾರ ದೃಢೀಕರಣ.

ದೃಢೀಕರಣವನ್ನು ಸಾಮಾನ್ಯವಾಗಿ ಕೊಡುವವರು ಧರ್ಮಾಧ್ಯಕ್ಷರು, ಅಂದರೆ ಬಿಷಪರು. ನಮ್ಮ ಬಳ್ಳಾರಿ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1949ರಲ್ಲಿ. ಬಳ್ಳಾರಿಯಿಂದ ನಮ್ಮ ಪಡುವಣ ಅಂಚಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಹಾಗಾಗಿ ಧರ್ಮಾಧ್ಯಕ್ಷರು ಬರುವ ದಿನ ಎಂದರೆ ಇಡೀ ಧರ್ಮಕೇಂದ್ರಕ್ಕೆ ಹಬ್ಬ. ಆಲಿವ್ ಎಣ್ಣೆಗೆ ಸುಗಂಧ ಬೆರೆಸಿದ ಪವಿತ್ರ ತೈಲದಲ್ಲಿ ಅವರು ಹೆಬ್ಬೆರಳು ಅದ್ದಿ ಹಣೆಗೆ ಶಿಲುಬೆಯಂತೆ ಹಚ್ಚುತ್ತಾರೆ. ಜ್ಞಾನತಂದೆ ಅಥವಾ ಜ್ಞಾನತಾಯಿ ಹಿಂದೆ ನಿಂತು ಭುಜದ ಮೇಲೆ ಕೈಯಿಟ್ಟಿರುತ್ತಾರೆ. ಆ ಪರಿಮಳ ಸಂಜೆಯವರೆಗೂ ಹಣೆಯಲ್ಲಿ ಉಳಿಯುತ್ತದೆ. ಹಿರಿಯರು ‘ನಮ್ಮ ಕಾಲದಲ್ಲಿ ಕೆನ್ನೆಗೆ ಮೆಲ್ಲಗೆ ಒಂದು ಏಟು ಕೊಡುತ್ತಿದ್ದರು’ ಎನ್ನುವುದು ನಿಜ. 1971ರ ಹೊಸ ವಿಧಿಯಲ್ಲಿ ಅದನ್ನು ಬಿಟ್ಟರು.

ಈ ವಯಸ್ಸಿನವರಿಗೆ ಪವಿತ್ರಾತ್ಮರ ಏಳು ವರಗಳ ಪಟ್ಟಿ ಒಪ್ಪಿಸಿಕೊಂಡು ಕಳಿಸಿದರೆ ಪ್ರಯೋಜನವಿಲ್ಲ. ಅವರ ಪ್ರಶ್ನೆಗಳೇ ಬೇರೆ. ಹಾಸ್ಟೆಲಿನಲ್ಲಿ ನಾನೊಬ್ಬನೇ ಕ್ರೈಸ್ತ, ಗೆಳೆಯರ ಜೊತೆ ತೇರಿಗೆ ಹೋಗಬಹುದಾ? ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಓದುವುದೋ, ಅಪ್ಪನ ಜೊತೆ ಹೋಗುವುದೋ? ಮನೆಯಲ್ಲಿ ಮದುವೆಯ ಮಾತು ಎತ್ತಿದ್ದಾರೆ, ಏನು ಮಾಡಲಿ? ಈ ಕೊನೆಯ ಪ್ರಶ್ನೆ ಹುಡುಗಿಯರದು. ನಮ್ಮ ಸೀಮೆಯಲ್ಲಿ ಅದು ಬಂದೇ ಬರುತ್ತದೆ. ಮದುವೆಯೂ ಒಂದು ಸಂಸ್ಕಾರ. ಮನಸಾರೆ ಒಪ್ಪದಿದ್ದರೆ ಆ ಸಂಸ್ಕಾರ ಆಗುವುದೇ ಇಲ್ಲ. ನಮ್ಮ ದೇಶದ ಕಾನೂನಿನಂತೆ ಹುಡುಗಿಗೆ 18, ಹುಡುಗನಿಗೆ 21 ತುಂಬಲೇಬೇಕು. ಇದನ್ನು ದೃಢೀಕರಣದ ತರಗತಿಯಲ್ಲೇ ಬಾಯಿಬಿಟ್ಟು ಹೇಳಬೇಕು. ಪವಿತ್ರಾತ್ಮರು ಕೊಡುವ ಸ್ಥೈರ್ಯ ಹದಿನಾರರ ಹುಡುಗಿಗೆ ಬೇಕಾಗುವುದು ಇಂಥ ಸಂಜೆಯಲ್ಲಿ, ಅಪ್ಪನ ಎದುರು ‘ನಾನು ಇನ್ನೂ ಓದುತ್ತೇನೆ’ ಎನ್ನುವಾಗ. ಹಾಸ್ಟೆಲಿನ ಹುಡುಗನಿಗೆ ನಾನು ಹೇಳುವುದು: ಗೆಳೆಯರ ಹಬ್ಬಕ್ಕೆ ಗೌರವದಿಂದ ಹೋಗು. ನಿನ್ನ ಹಬ್ಬಕ್ಕೆ ಅವರನ್ನು ಕರೆ. ನಿನ್ನ ಜಪ ಬಿಡಬೇಡ.

ಹದಿಮೂರಕ್ಕೆ ನಾಚಿ ದೂರ ಉಳಿದ ಆ ಎತ್ತರದ ಹುಡುಗನಿಗೂ ದಾರಿ ಇದೆ. ವಯಸ್ಸು ಕಲ್ಲಿನ ಗೆರೆಯಲ್ಲ ಎಂದೆನಲ್ಲ. ಅವನಂಥವರನ್ನು ಬೇರೆ ಕೂರಿಸಿ, ದೊಡ್ಡವರಂತೆ ಮಾತಾಡಿಸಿ, ಪಾಪನಿವೇದನೆ, ಪರಮಪ್ರಸಾದ, ದೃಢೀಕರಣಕ್ಕೆ ಒಟ್ಟಿಗೇ ಸಿದ್ಧಮಾಡಬಹುದು. ಅವನು ಬರುವುದನ್ನು ಕಾಯದೆ ಗುರುಗಳೋ ಉಪದೇಶಿಯೋ ಅವನ ಮನೆಗೆ ಹೋಗಿ ಕರೆಯಬೇಕು.

ಕೊನೆಯದಾಗಿ, ಈ ವರ್ಷ ಗುಳೆ ಹೊರಡುವ ತಂದೆತಾಯಿಗಳಲ್ಲಿ ನನ್ನ ವಿನಂತಿ. ಹೊರಡುವ ಮುಂಚೆ ನಿಮ್ಮ ಧರ್ಮಕೇಂದ್ರದಿಂದ ಮಗುವಿನ ಜ್ಞಾನಸ್ನಾನದ ಪತ್ರ ಬರೆಸಿಕೊಳ್ಳಿ. ರೇಷನ್ ಕಾರ್ಡು, ಆಧಾರ್ ಇಡುವ ಚೀಲದಲ್ಲೇ ಅದನ್ನೂ ಇಡಿ. ಮಗು ಯಾವ ಪಾಠದವರೆಗೆ ಬಂದಿದೆ ಎಂದು ಉಪದೇಶಿಯಿಂದ ಒಂದು ಚೀಟಿ ಪಡೆಯಿರಿ. ಹೋದ ಊರಿನಲ್ಲಿ ಮೊದಲ ಭಾನುವಾರವೇ ಹತ್ತಿರದ ಕಥೋಲಿಕ ಚರ್ಚು ಹುಡುಕಿ, ಕನ್ನಡ ಪೂಜೆ ಎಷ್ಟು ಹೊತ್ತಿಗೆ ಎಂದು ಕೇಳಿ, ಪತ್ರವನ್ನೂ ಚೀಟಿಯನ್ನೂ ಗುರುಗಳ ಕೈಗೆ ಕೊಡಿ. ಅಲ್ಲೇ ದೃಢೀಕರಣವಾದರೆ ಜ್ಞಾನಸ್ನಾನವಾದ ಚರ್ಚಿನ ದಪ್ತರಕ್ಕೆ ತಿಳಿಸುವಂತೆ ಅವರಿಗೆ ನೆನಪಿಸಿ. ಮುಂದೆ ಮದುವೆಯ ಹೊತ್ತಿಗೆ ಆ ದಪ್ತರವನ್ನೇ ಕೇಳುತ್ತಾರೆ. ಹಳ್ಳಿಯಲ್ಲಿ ಬಿಟ್ಟು ಹೋಗುವುದಾದರೆ ಮಗು ಯಾರ ಮನೆಯಲ್ಲಿದೆ ಎಂದು ವಿಚಾರಣಾ ಗುರುಗಳಿಗೆ ಹೇಳಿ ಹೋಗಿ. ತರಗತಿ ಜೂನ್‌ನ ಮೊದಲ ಭಾನುವಾರ ಶುರುವಾಗುತ್ತದೆ. ಮಕ್ಕಳನ್ನು ಕಳಿಸಿ.